ನಾಲ್ಕು ಬೆರಳು

ವಸ್ತಾರೆಯ ಆ ಮನೆಯ ಹಾಲಿನಲ್ಲಿ ವೀರೇಂದ್ರನ ಫೋಟೋ ಇದೆ. ಅವನ ಎಡಭುಜದ ಮೇಲೆ ನಾಲ್ಕು ಬೆರಳುಗಳಿವೆ. ಬೆರಳು ಅವನ ಹೆಂಡತಿ ರಶ್ಮಿಯವು. ಅವನು ತೀರಿಕೊಂಡಾಗ ಒಬ್ಬನೇ ಇರುವ ಫೋಟೋ ಎಷ್ಟು ಹುಡುಕಿದರೂ ಸಿಗದೆ, ಮದುವೆಯ ಆಲ್ಬಮ್ಮಿನಿಂದ ಒಂದನ್ನು ಸ್ಟುಡಿಯೋಕ್ಕೆ ಕೊಟ್ಟಿದ್ದರು. ಸ್ಟುಡಿಯೋದವರು ರಶ್ಮಿಯನ್ನು ಕತ್ತರಿಸಿದರು, ಬೆರಳು ಉಳಿದುಬಿಟ್ಟವು. ಹಾರ ಹಾಕಿದರೆ ಮುಚ್ಚಿಹೋಗುತ್ತವೆ ಎಂದರು. ಒಣಗಿದ ಹಾರ ತೆಗೆದ ದಿನ ಮತ್ತೆ ಕಾಣುತ್ತಿದ್ದವು.

ಮನೆಗೆ ಬಂದವರು ಯಾರೂ ಆ ಮಾತೆತ್ತಲಿಲ್ಲ. ಅತ್ತೆ ಪ್ರೇಮಕುಮಾರಿ ಮಾತ್ರ ಒಂದು ದಿನ ಕಾಫಿ ಲೋಟ ಕೆಳಗಿಟ್ಟು, "ನಾನು ಹೋದ್ಮೇಲೆ ಹಿಂಗೆ ಕತ್ತರಿಸಿದ್ದು ಬೇಡ ಮಾರಾಯ್ತಿ. ಈಗ್ಲೇ ಸರಿಯಾಗಿ ಒಂದು ತೆಗೆದಿಡು," ಎಂದರು.

"ಮೊಬೈಲಲ್ಲಿ ತೆಗೀಲಾ ಅತ್ತೆ?"

"ಮೊಬೈಲಲ್ಲಿ ನಾನು ಸೌತೆಕಾಯಿ ಕಂಡ ಹಾಗೆ ಕಾಣ್ತೀನಿ."

ಆ ವರ್ಷ ತೋಟದ ಕಾಳುಮೆಣಸಿನಲ್ಲಿ ಒಂದು ಮೂಟೆ ರಶ್ಮಿಯ ಪಾಲಿಗೆ ಬಂದಿತ್ತು. ಅದನ್ನು ಮಾರಿ ಅವಳು ಚಿಕ್ಕಮಗಳೂರಿನಲ್ಲಿ ಹಳೇ ಕ್ಯಾಮೆರಾ ಮಾರುವ ಸೋಮಶೇಖರಪ್ಪನವರ ಅಂಗಡಿಗೆ ಹೋದಳು. ಅತ್ತೆಯ ಫೋಟೋ ತೆಗೆಯಲು ರೇಂಜ್‌ಫೈಂಡರ್ ಕ್ಯಾಮೆರಾ ಬೇಕು ಎಂದಳು.

"ಹೊಸದಾಗಿ ಕಲಿಯೋರಿಗೆ ಅದ್ಯಾಕಮ್ಮ? ಅದ್ರಲ್ಲಿ ಲೆನ್ಸಿನೊಳಗಿಂದ ಕಾಣೋದಿಲ್ಲ. ಪಕ್ಕದ ಕಿಟಕೀಲಿ ಇಣುಕಿದ ಹಾಗೆ."

"ಗೊತ್ತು. ಫೋಟೋದ ಚೌಕದ ಹೊರಗಿರೋದೂ ಕಾಣುತ್ತಲ್ಲ, ಅದಕ್ಕೇ."

"ಫೋಟೋದಲ್ಲಿ ಬರದೇ ಇರೋದನ್ನ ಕಂಡು ಏನ್ಮಾಡ್ತೀರಿ?"

"ಯಾರನ್ನ ಬಿಡ್ತಾ ಇದೀನಿ ಅಂತ ಮೊದ್ಲೇ ಗೊತ್ತಾಗುತ್ತೆ."

ಗಿರಾಕಿಗಳ ಹುಚ್ಚು ಅವರಿಗೆ ಹೊಸದಲ್ಲ. ಹಳೇ ಜಪಾನಿ ಕ್ಯಾಮೆರಾ ಬಾಡಿಯೊಂದಕ್ಕೆ ಐವತ್ತು ಎಂ.ಎಂ. ಲೆನ್ಸ್ ಸಿಕ್ಕಿಸಿ ಕೊಟ್ಟರು. ಕಿಟಕಿಯೊಳಗೆ ಬಿಳಿ ಗೆರೆಯ ಚೌಕಗಳು, ಒಂದರೊಳಗೊಂದು. ನಡುವೆ ಗೋಡೆಯ ಕ್ಯಾಲೆಂಡರ್ ಎರಡೆರಡಾಗಿ ಕಾಣುತ್ತಿತ್ತು. ಲೆನ್ಸಿನ ಬಳೆ ತಿರುಗಿಸಿದರೆ ಎರಡೂ ಬಂದು ಒಂದಾದವು. ಅವಳು ಮತ್ತೆ ಬೇರೆ ಮಾಡಿದಳು. ಮತ್ತೆ ಕೂಡಿಸಿದಳು.

ಮೂಟೆಯ ದುಡ್ಡಿಗೆ ಬಾಡಿ ಮತ್ತು ಒಂದೇ ಲೆನ್ಸ್ ಬರುವಂತಿತ್ತು.

"ನಿಮ್ಮತ್ತೇರು ಒಬ್ರದೇ ಅಂದ್ರೆ ಈ ನೂರರ ಲೆನ್ಸ್ ತಗೊಳ್ಳಿ. ಮುಖ ತುಂಬಾ ಬರುತ್ತೆ, ಆಚೀಚೆ ಒಬ್ರೂ ಬರಲ್ಲ."

ನೂರರ ಚೌಕ ಬೆಂಕಿಪೊಟ್ಟಣದಷ್ಟಿತ್ತು. ಸೋಮಶೇಖರಪ್ಪನವರ ತಲೆ ಅದರೊಳಗೆ, ಕೈಗಳೆರಡೂ ಹೊರಗೆ.

"ಐವತ್ತರದ್ದೇ ಇರ್ಲಿ."

"ಅದ್ರ ಅಂಚಲ್ಲಿ ಸ್ವಲ್ಪ ಫಂಗಸ್ ಇದೆ. ಆಮೇಲೆ ಹೇಳ್ಲಿಲ್ಲ ಅನ್ಬೇಡಿ."

"ನಮ್ಮನೇಲಿ ಯಜಮಾನ್ರ ಬೆಲ್ಟಿಗೂ ಹಿಡ್ದಿದೆ."

ಅವರು ರೀಲು ಹಾಕಿ ಕೊಡುತ್ತ, "ಲೆನ್ಸಿನ ಮುಚ್ಚಳ ತೆಗೆಯೋದು ನೆನಪಿರ್ಲಿ. ಮುಚ್ಚಿದ್ರೂ ಕಿಟಕೀಲಿ ಎಲ್ಲಾ ಚೆನ್ನಾಗೇ ಕಾಣುತ್ತೆ," ಎಂದರು.

"ನಾನು ಫಿಸಿಕ್ಸ್ ಎಂ.ಎಸ್ಸಿ.," ಎಂದಳು ರಶ್ಮಿ.

ಮರುದಿನ ಪ್ರೇಮಕುಮಾರಿ ವಿಭೂತಿ ಇಟ್ಟು, ರೇಷ್ಮೆ ಸೀರೆ ಉಟ್ಟು, ಮಗನ ಫೋಟೋದ ಕೆಳಗೇ ಕುರ್ಚಿ ಹಾಕಿಸಿಕೊಂಡು ಕೂತರು. ರಶ್ಮಿ ಹಿಂದೆ ಹಿಂದೆ ಸರಿದಳು. ಅತ್ತೆಯ ಸೆರಗು, ಕೈ, ಕುರ್ಚಿಯ ಕಾಲು, ಮೇಲೆ ವೀರೇಂದ್ರ, ಅವನ ಭುಜದ ಬೆರಳು ಎಲ್ಲವೂ ಚೌಕದೊಳಗೆ ಬಂದವು. ಹೊರಗುಳಿದದ್ದು ಸ್ವಿಚ್‌ಬೋರ್ಡ್ ಒಂದೇ. ಬಳೆ ತಿರುಗಿಸಿದಳು, ಇಬ್ಬರು ಅತ್ತೆಯರು ಒಬ್ಬರಾದರು. ಒತ್ತಿದಳು.

"ಆಯ್ತಾ?"

"ಆಯ್ತು."

"ಆ ಕಪ್ಪು ಮುಚ್ಚಳ ಹಂಗೇ ಇರ್ಬೇಕೇನು?"

ರಶ್ಮಿ ಕ್ಯಾಮೆರಾ ತಿರುಗಿಸಿ ನೋಡಿದಳು. ಇತ್ತು.

"ಹೋಗ್ಲಿ ಬಿಡು," ಪ್ರೇಮಕುಮಾರಿ ಸೆರಗು ಸರಿಮಾಡಿಕೊಂಡರು. "ಈ ಸಲ ಯಾರನ್ನೂ ಕತ್ತರಿಸ್ಲಿಲ್ಲ."

ರಶ್ಮಿ ಮುಚ್ಚಳ ತೆಗೆದು ಅತ್ತೆಯ ಕೈಗೇ ಕೊಟ್ಟಳು. ಅವರು ಅದನ್ನು ಮುಷ್ಟಿಯಲ್ಲಿ ಹಿಡಿದು, ಮೊದಲಿನಷ್ಟೇ ನೆಟ್ಟಗೆ ಕೂತರು.