ಕೈ ಎತ್ತದವರು

ಆ ಬೆಳಗು ದಟ್ಟ ಮಂಜು ಬಿದ್ದಿತ್ತು. ಗೌಡರ ತೋಟದ ಲಿಂಬೆ ಗಿಡಗಳು ಕಂಬಳಿ ಹೊದ್ದು ಕುಳಿತ ಹಿರಿಯರಂತೆ ಮಸುಕಾಗಿದ್ದವು. ಕೈ ಚಾಚಿದರೆ ಹಣ್ಣಿಗಿಂತ ಮೊದಲು ಮುಳ್ಳು ಸಿಗುತ್ತಿತ್ತು. ಸೂರ್ಯನಾರಾಯಣ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಕೆಳಗೇರಿಯ ಹೆಂಗಸರು ಮಾತ್ರ ಆಗಲೇ ಬಗ್ಗಿ ಉದುರಿದ ಹಣ್ಣು ಆರಿಸುತ್ತಿದ್ದರು. ಇದಕ್ಕೆ ಕೂಲಿಯಿಲ್ಲ. ಇವತ್ತು ಗೌಡರ ಬೋರಿನ ತೊಟ್ಟಿಯಿಂದ ಎರಡು ಕೊಡ ನೀರು ಒಯ್ದವರು ನಾಳೆ ಬೆಳಿಗ್ಗೆ ಹಣ್ಣು ಆರಿಸಿ ಅದರ ಋಣ ತೀರಿಸಬೇಕು.

"ಏ ರಾಮವ್ವ, ಕಣ್ಣ ಎಲ್ಲಿ ಇಟ್ಟಿ? ಕೊಳತದ್ದೂ ಬುಟ್ಟ್ಯಾಗ ಹಾಕ್ತಿ. ನಿಮ್ಮಪ್ಪನ ಗಿಡ ಅಂತ ತಿಳದಿಯೇನ?" ತೊಟ್ಟಿಯ ಕಟ್ಟೆಯ ಮೇಲೆ ಕುಳಿತು ಚಹಾ ಹೀರುತ್ತಿದ್ದ ಸಿದ್ದಲಿಂಗಗೌಡ ಕೂಗಿದ.

"ಮಂಜಿನಾಗ ಕಾಣವಲ್ದರೀ ಯಪ್ಪಾ."

"ನೀರ ಕುಡಿಯಾಕ ಬಾಯಿ ಕಾಣತೈತಿ, ಹೌದಿಲ್ಲೊ?"

ಎಲ್ಲರೂ ನಕ್ಕರು. ರಾಮವ್ವನೂ ನಕ್ಕಳು. ಅವಳ ಮಗ ಕಾಂತು ನಗಲಿಲ್ಲ. ಇಂಡಿ ಪಟ್ಟಣದ ಹಾಸ್ಟೆಲಿನಲ್ಲಿದ್ದು ಬಿ.ಎ. ಮುಗಿಸಿ ಬಂದವನು, ಅವ್ವನ ನಡು ಹಿಡಿದಾಗಲೆಲ್ಲ ಅವಳ ಬುಟ್ಟಿ ಹೊರುತ್ತಿದ್ದ.

ಕೆಳಗೇರಿಯ ಪ್ರತಿ ಮನೆಯ ಮುಂದೂ ಸರಕಾರದ ನಳವಿತ್ತು. ಮಕ್ಕಳು ಅದಕ್ಕೆ ಆಡಿನ ಮರಿ ಕಟ್ಟುತ್ತಿದ್ದರು. ನೀರು ಊರೆಲ್ಲ ಸುತ್ತಿ ಕೇರಿಯ ಬಾಯಿಗೆ ಬಂದು ನಿಲ್ಲುತ್ತಿತ್ತು. ಅಲ್ಲಿಯ ವಾಲ್ವು ಪಂಚಾಯತಿ ಅಧ್ಯಕ್ಷನ ಮಾತಿಲ್ಲದೆ ತಿರುಗುತ್ತಿರಲಿಲ್ಲ, ಅಧ್ಯಕ್ಷ ಸಿದ್ದಲಿಂಗಗೌಡನೇ. ನಳಕ್ಕೆ ನೀರು ಬಂದರೆ ತೋಟದ ಹಣ್ಣು ಆರಿಸುವವರು ಯಾರು?

"ಇವತ್ತ ಗ್ರಾಮಸಭಾ ಐತಿ. ತಾಲೂಕಿನಿಂದ ಸಾಹೇಬ್ರು ಬರ್ತಾರ," ಎಂದ ಕಾಂತು, ಹಿಂದಿರುಗುವ ಹಾದಿಯಲ್ಲಿ. "ನಾ ಒಬ್ಬಾಂವ ಹೇಳಿದರ ನಡಿಯಂಗಿಲ್ಲ. ಎಲ್ಲಾರೂ ನಿಲ್ಲತೀರಿಲ್ಲೊ, ಚಿಗವ್ವ?"

"ನೀ ಮುಂದ ನಡಿ ನಮ್ಮಪ್ಪಾ. ನಾವು ನಿನ್ನ ಬೆನ್ನಿಗೆ ಅದೀವಿ," ಎಂದಳು ಪಕ್ಕದ ಮನೆಯ ಸಾವಂತ್ರವ್ವ. ರಾಮವ್ವ ಹೆಜ್ಜೆ ಬಿರುಸು ಮಾಡಿದಳು.

ಸಭೆ ಸಾಲೆಯ ಅಂಗಳದಲ್ಲಿ ಕೂಡಿತು. ಕಾಂತು ಎದ್ದು ನಿಂತು ಎಲ್ಲವನ್ನೂ ಹೇಳಿದ: ಒಣ ನಳ, ವಾಲ್ವು, ತೋಟದ ಬಿಟ್ಟಿ ದುಡಿಮೆ. ಸಾಹೇಬ ಕನ್ನಡಕ ಸರಿಪಡಿಸಿಕೊಂಡು ಕೇರಿಯವರ ಕಡೆ ನೋಡಿದ.

"ನಳಕ್ಕ ನೀರ ಬರದವರು ಕೈ ಎತ್ರಿ."

ಕಾಂತು ಕೈ ಎತ್ತಿದ. ಎತ್ತಿಕೊಂಡೇ ಹಿಂದೆ ತಿರುಗಿದ. ಸಾವಂತ್ರವ್ವ ನೆಲ ನೋಡುತ್ತಿದ್ದಳು. ಬಸಣ್ಣ ಕಾಕಾ ಕೆಮ್ಮಿದ. ರಾಮವ್ವನ ಎರಡೂ ಕೈ ಸೆರಗಿನೊಳಗಿದ್ದವು.

"ನೋಡ್ರಿ ಸಾಹೇಬ್ರ," ಗೌಡ ತೊಡೆ ತಟ್ಟಿ ನಕ್ಕ, "ಬಿ.ಎ. ಕಲಿತಾನಂತ ಇವನೊಬ್ಬನ ನಳಕ್ಕ ಸಿಟ್ಟ ಬಂದೈತಿ!"

"ಕುಂಡ್ರೊ ಸೂಳಿಮಗನ!" ಹಿಂದಿನಿಂದ ಗೌಡನ ಆಳು ಒದರಿದ. ಸಭೆ ಗೊಳ್ಳೆಂದಿತು. "ದೂರು ಯಾವೂ ಇಲ್ಲ," ಎಂದು ಸಾಹೇಬ ಬರೆಸಿದ.

ಮನೆಗೆ ಬಂದ ಕಾಂತು ಅವ್ವನ ಎದುರು ನಿಂತ.

"ನಾ ಸುಳ್ಳ ಹೇಳಿದ್ನೇನ ಯವ್ವಾ?"

"ಇಲ್ಲಪಾ."

"ಮತ್ಯಾಕ ನನ್ನ ಒಬ್ಬನ್ನ ಕೈ ಬಿಟ್ಟಿ?"

"ನೀ ಇಂಡ್ಯಾಗ ಇದ್ದಿ. ಎಲೆಕ್ಷನ್ ಮುಂದ ಗೌಡ ಕೇರಿನೆಲ್ಲಾ ಸಿದ್ಧನ ಗುಡಿಗೆ ಕರಕೊಂಡು ಹೋದ. ಅಂಗೈಯಾಗ ಭಂಡಾರ ಹಾಕಿ ಆಣಿ ಮಾಡಿಸಿದ. ಅವನ ಮ್ಯಾಲ ಕೈ ಎತ್ತಂಗಿಲ್ಲ, ಬಾಯಿ ತೆರಿಯಂಗಿಲ್ಲ ಅಂತ. ದೇವರ ಅರಿಷಿಣ ಹಿಡದು ಹೆಂಗ ಮುರೀಲಿ?"

"ನೀರ ಬಿಡ್ತೇನಿ ಅಂತ ಅವ ಹಿಡದಾನೇನ ಭಂಡಾರ?"

ರಾಮವ್ವ ತನ್ನ ಅಂಗೈ ನೋಡಿಕೊಂಡಳು. "ಅವಗ ಯಾರೂ ಕೇಳಲಿಲ್ಲ."

"ಹಂಗಾರ ಆ ನಿನ್ನ ಸಿದ್ಧನೂ ಗೌಡನ ತ್ವಾಟದಾಗ ಹಣ್ಣ ಆರಸಾಕತ್ತಾನ ಬಿಡು."

ರಾಮವ್ವನ ಕೈ ಮಗನ ಕೆನ್ನೆಗೆ ಬಿತ್ತು. ಅವನು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ. ಅವಳು ಗೋಡೆಯ ದೇವರ ಮಾಡದ ಮುಂದೆ ಕುಳಿತಳು. ಆ ಸಂಜೆ ಒಲೆ ಹೊತ್ತಲಿಲ್ಲ. ಬೆಳಿಗ್ಗೆ ತಂದಿಟ್ಟ ಎರಡು ಕೊಡ ನೀರನ್ನು ಇಬ್ಬರೂ ಮುಟ್ಟಲಿಲ್ಲ.

ಮರುದಿನ ಹೆಂಗಸರು ಖಾಲಿ ಕೊಡ ಹಿಡಿದು ತೋಟಕ್ಕೆ ಹೊರಟಾಗ ರಾಮವ್ವ ತುಂಬಿದ ಕೊಡ ಹೊತ್ತು ಹೊರಟಳು. ತಲೆಯ ಮೇಲೊಂದು, ಸೊಂಟದಲ್ಲೊಂದು. ಹಿಂದೆ ಬಂದ ಕಾಂತು ಒಂದನ್ನು ಇಸಿದುಕೊಳ್ಳಲು ನೋಡಿದ; ಅವಳು ಕೊಡಲಿಲ್ಲ.

ಲಿಂಬೆ ಗಿಡಗಳನ್ನು ದಾಟಿ, ಬುಟ್ಟಿಗಳನ್ನು ದಾಟಿ, ನೆಟ್ಟಗೆ ತೊಟ್ಟಿಯ ಹತ್ತಿರ ಹೋದಳು.

"ಏನ ರಾಮವ್ವ, ಮಗಗ ಬುದ್ಧಿ ಹೇಳಿದಿಲ್ಲೊ?"

ಅವಳು ಬಾಯಿ ತೆರೆಯಲಿಲ್ಲ. ಸೊಂಟದ ಕೊಡವನ್ನು ಕಟ್ಟೆಗೆ ಆನಿಸಿ, ಲಿಂಗಕ್ಕೆ ನೀರೆರೆಯುವಷ್ಟು ನಿಧಾನವಾಗಿ ತೊಟ್ಟಿಗೆ ಬಗ್ಗಿಸಿದಳು.

"ಏ ಹುಚ್ಚಬೋಳಿ! ಏನ ಮಾಡಾಕತ್ತಿ? ಹಣ್ಣ ಯಾರ ಆರಸ್ತಾರ, ನಿಮ್ಮಜ್ಜಿ?" ಗೌಡ ಎದ್ದು ನಿಂತ. ಚಹಾ ಧೋತರದ ಮೇಲೆ ಚೆಲ್ಲಿತು.

ಬಗ್ಗಿದ್ದ ಹೆಂಗಸರು ಒಬ್ಬೊಬ್ಬರಾಗಿ ನಡು ನೆಟ್ಟಗೆ ಮಾಡಿದರು. ಯಾರೂ ನಗಲಿಲ್ಲ. ಸಾವಂತ್ರವ್ವನ ಮುಷ್ಟಿಯಲ್ಲಿದ್ದ ಹಣ್ಣು ಬುಟ್ಟಿಗೆ ಬೀಳಲಿಲ್ಲ.

ರಾಮವ್ವ ತಲೆಯ ಮೇಲಿನ ಕೊಡ ಇಳಿಸಿದಳು. ಅದನ್ನೂ ಬಗ್ಗಿಸಿ, ತಳದಲ್ಲಿ ಉಳಿದ ಗುಟುಕು ನೀರನ್ನು ಬೆರಳಿನಿಂದ ಬಳಿದು ತೊಟ್ಟಿಗೆ ಹಾಕಿದಳು.