ಹೈಕಾನುಶ್ ತುಂಬಿದ ಸಂದು

"ಇಲ್ಲ, ನಾನು ಒಳಗೆ ಬರಲ್ಲ," ಎಂದು ಸಿರುಶ್ ಬಾಗಿಲ ಚೌಕಟ್ಟನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು.

ಅವಳ ಹಿಂದಿದ್ದವರು ಮೆಟ್ಟಿಲ ಮೇಲೇ ನಿಂತುಬಿಟ್ಟರು. ಅರ್ಪಿನೆ ಜನರ ನಡುವೆ ದಾರಿ ಮಾಡಿಕೊಂಡು ಬಂದಳು. ತನ್ನ ಅಮ್ಮ ಹೈಕಾನುಶ್‌ಳ ಜೊತೆ ಇಪ್ಪತ್ತು ವರ್ಷ ಕಾಂಕ್ರೀಟ್ ಕೆಲಸ ಮಾಡಿದ ಗೆಳತಿ, ಶವಪೆಟ್ಟಿಗೆಯ ಹತ್ತಿರವೂ ಹೋಗದೆ ಹೊಸ್ತಿಲಲ್ಲಿ ನಿಂತಿದ್ದಾಳೆ.

"ಚಿಕ್ಕಮ್ಮ, ಎಲ್ಲರೂ ನೋಡ್ತಿದ್ದಾರೆ. ಬನ್ನಿ, ಅಮ್ಮನ ಮುಖ ನೋಡಿ."

"ಒಳಗೆ ಎಷ್ಟು ಜನ ಇದ್ದಾರೆ?"

"ಯಾರು ಎಣಿಸ್ತಾರೆ? ಐವತ್ತು, ಅರವತ್ತು..."

ಸಿರುಶ್‌ಳ ತುಟಿ ಬಿಳಿಚಿತು.

ಒಳಗಿನಿಂದ ಸೋದರಮಾವ ವಘರ್ಶಾಕ್‌ನ ದನಿ ಕೇಳಿಸಿತು. "ನಮ್ಮಕ್ಕ ಬದುಕಿದ್ದಾಗ ಈ ಮನೇಲಿ ಇಷ್ಟು ಜನಾನ ನೋಡೇ ಇರಲಿಲ್ಲ. ಈಗ ಪಾಪ, ಬೇಡ ಅನ್ನೋಕೆ ಅವಳಿಗೆ ಬಾಯಿಲ್ಲ!"

ಅಳುತ್ತಿದ್ದ ಹೆಂಗಸರಲ್ಲಿ ಇಬ್ಬರು ನಕ್ಕರು. ಹೈಕಾನುಶ್‌ಳ ಜಿಪುಣತನ ಇಡೀ ಕಟ್ಟಡಕ್ಕೇ ಗೊತ್ತಿತ್ತು. ನಾಲ್ಕನೇ ಮಹಡಿಯ ಈ ಕೋಣೆಯಲ್ಲಿ ಒಂದು ಹುಟ್ಟುಹಬ್ಬವೂ ನಡೆದಿರಲಿಲ್ಲ. ಮಗಳ ಮದುವೆಯೂಟ ಕಾರ್ಖಾನೆಯ ಕ್ಯಾಂಟೀನಿನಲ್ಲಾಗಿತ್ತು. ಅರ್ಪಿನೆಗೆ ಒಂಬತ್ತಾಗಿದ್ದಾಗ ಅಜ್ಜ ಕಳಿಸಿದ ಪಿಯಾನೊವನ್ನು ಅಮ್ಮ ಮೆಟ್ಟಿಲಿಂದಲೇ ಹಿಂದಕ್ಕೆ ಕಳಿಸಿದ್ದಳು. ಆ ಸಿಟ್ಟು ಅರ್ಪಿನೆಗೆ ಇವತ್ತಿಗೂ ಇಳಿದಿರಲಿಲ್ಲ.

ಸಿರುಶ್ ಅವಳ ತೋಳು ಹಿಡಿದು ಮೆಟ್ಟಿಲ ಮೂಲೆಗೆ ಎಳೆದಳು. "ಮಗಳೇ, ಅದು ಜಿಪುಣತನ ಅಲ್ಲ."

* * *

ಅದು ಎಪ್ಪತ್ತನಾಲ್ಕರ ಡಿಸೆಂಬರ್, ಇದೇ ಕಟ್ಟಡ ಏಳುತ್ತಿತ್ತು. ಮಹಡಿಗಳ ನೆಲಕ್ಕೆಂದು ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಹಲಗೆಗಳನ್ನು ಕ್ರೇನು ಒಂದೊಂದಾಗಿ ಏರಿಸಿ ಇಡುತ್ತಿತ್ತು. ಹಲಗೆಗೂ ಗೋಡೆಯ ತೊಲೆಗೂ ನಡುವಿನ ಸಂದಿಗೆ ಸ್ಥಳದಲ್ಲೇ ಕಲಸಿದ ಕಾಂಕ್ರೀಟ್ ತುಂಬುವುದು ಹೈಕಾನುಶ್ ಮತ್ತು ಸಿರುಶ್‌ರ ಕೆಲಸ. ಹಲಗೆಯ ಅಂಚನ್ನು ಉಳಿಯಿಂದ ಕೆತ್ತಿ ಒರಟು ಮಾಡಬೇಕು, ಧೂಳು ತೊಳೆಯಬೇಕು, ಆಮೇಲೆ ತುಂಬಬೇಕು. ಹಳೆಯದನ್ನು ಹೊಸದು ಕಚ್ಚಿ ಹಿಡಿಯುವುದು ಆ ಒರಟಿನಲ್ಲೇ.

ಅವತ್ತು ನಾಲ್ಕನೇ ಮಹಡಿಯ ಒಂದು ಕೋಣೆಯಲ್ಲಿ ಅಂಚಿನ ಮೇಲೆ ಮಂಜುಗಡ್ಡೆ ಕಟ್ಟಿತ್ತು.

"ಇದು ಗಾಜಿನ ಹಾಗಿದೆ," ಎಂದಳು ಹೈಕಾನುಶ್. "ಹೀಗೇ ತುಂಬಿದ್ರೆ ಹಿಡಿಯಲ್ಲ, ಭಾರ ಬಿದ್ದಾಗ ಜಾರುತ್ತೆ."

"ವರ್ಷ ಮುಗಿಯೋದ್ರೊಳಗೆ ಕಟ್ಟಡ ಒಪ್ಪಿಸ್ಬೇಕು," ಎಂದ ಮೇಸ್ತ್ರಿ. "ನಿನಗಾಗಲ್ಲ ಅಂದ್ರೆ ಹೇಳು, ತುಂಬೋರು ಬೇರೆ ಇದ್ದಾರೆ. ಇಲ್ಲಿ ಮನೆ ಸಿಗೋರ ಪಟ್ಟಿಯಲ್ಲಿ ನಿನ್ನ ಹೆಸರಿನ ಜಾಗಕ್ಕೂ ಇದ್ದಾರೆ."

ಮನೆಯಲ್ಲಿ ನಾಲ್ಕು ತಿಂಗಳ ಕೂಸು. ಹೈಕಾನುಶ್ ತುಂಬಿದಳು. ಸಿರುಶ್ ಬಕೆಟ್ಟು ಎತ್ತಿಕೊಟ್ಟಳು.

ಮನೆ ಹಂಚಿದಾಗ ಹೈಕಾನುಶ್‌ಗೆ ಎರಡನೇ ಮಹಡಿ ಬಂತು. ಅವಳು ಅದನ್ನು ಐದು ಮಕ್ಕಳ ಸಂಸಾರವೊಂದಕ್ಕೆ ಬಿಟ್ಟುಕೊಟ್ಟು, ಅವರ ನಾಲ್ಕನೇ ಮಹಡಿಯ ಮನೆಯನ್ನು ತಾನು ತೆಗೆದುಕೊಂಡಳು. ಹುಚ್ಚಿ ಎಂದರು.

"ಎಲ್ಲಾ ಹೇಳಿಬಿಡೋಣ್ವೇನೆ?" ಎಂದು ಸಿರುಶ್ ಒಮ್ಮೆ ಕೇಳಿದ್ದಳು.

"ಹೇಳಿದ್ರೆ ಇಬ್ಬರಿಗೂ ಜೈಲು. ಆ ಕೋಣೇಲಿ ಐದು ಮಕ್ಕಳು ಕುಣಿಯೋದು ಬೇಡ. ನಾನಿರ್ತೀನಿ. ನಾನು ಮೆತ್ತಗೆ ನಡೀತೀನಿ."

* * *

ಅರ್ಪಿನೆ ಒಳಗೆ ನೋಡಿದಳು. ಯಾರೋ ಬೂಟಿಗಂಟಿದ ಹಿಮವನ್ನು ದಪದಪ ಕುಟ್ಟಿ ಉದುರಿಸಿದರು.

"ಕೆಳಗಿನ ಮನೇಲಿ ಯಾರಿದ್ದಾರೆ?" ಸಿರುಶ್ ಪಿಸುಗುಟ್ಟಿದಳು.

"ಗ್ರಿಗೋರ್ ಮನೆಯವರು. ಮಣ್ಣು ಮಾಡಿ ಬರೋರಿಗೆ ಊಟಕ್ಕೆ ಮೇಜು ಹಾಕ್ತಿದ್ದಾರೆ."

ಕೂಗುವಂತಿರಲಿಲ್ಲ. ಕೂಗಿದರೆ ಅರವತ್ತು ಜನ ಒಟ್ಟಿಗೆ ಓಡುತ್ತಾರೆ. ಅರ್ಪಿನೆ ಒಳಗೆ ಹೋದಳು.

"ಮಾವ, ಅಮ್ಮನ್ನ ಈಗ್ಲೇ ಅಂಗಳಕ್ಕೆ ಇಳಿಸ್ಬೇಕು."

"ಇನ್ನೂ ಒಂದು ಗಂಟೆ ಇದೆಯಲ್ಲೇ! ಪಾದ್ರಿ ಬಂದಿಲ್ಲ, ಹೊರಗೆ ಹಿಮ ಬೀಳ್ತಿದೆ."

"ಅಮ್ಮನ ಆಸೆ ಅದು. ಗ್ರಿಗೋರ್‌ಗೂ ಹೇಳಿ, ಊಟ ಶಾಲೆಯಲ್ಲಿ. ಮಕ್ಕಳನ್ನ ಕರ್ಕೊಂಡು ಈಗ್ಲೇ ಹೊರಡ್ಲಿ."

"ಸತ್ತ ಮೇಲೂ ಕೂರೋಕೆ ಬಿಡ್ಲಿಲ್ಲ ನೋಡು," ಎಂದು ಒಬ್ಬಳು ಗೊಣಗಿದಳು. "ಮಗಳೂ ಅದೇ ರಕ್ತ."

"ನಾಲ್ಕು ನಾಲ್ಕು ಜನ ಇಳೀರಿ," ಎಂದಳು ಅರ್ಪಿನೆ. "ಮೆಟ್ಟಿಲು ಜಾರುತ್ತೆ."

ಕೊನೆಗೆ ಆರು ಗಂಡಸರು ಪೆಟ್ಟಿಗೆ ಎತ್ತಿದರು. ಬಾಗಿಲಿಗೆ ತಿರುಗಿಸಲೆಂದು ಕೋಣೆಯ ನಡುವೆ ಅರೆಗಳಿಗೆ ನಿಂತರು. ಆಗ ಗೋಡೆಯ ಬುಡದಿಂದ ಆಕ್ರೋಟು ಒಡೆದಂಥ ಒಂದು ಸದ್ದು ಬಂತು.

"ನಡೀರಿ," ಎಂದಳು ಅರ್ಪಿನೆ. "ನಿಲ್ಬೇಡಿ ಮಾವ, ನಡೀರಿ."

ಅವರು ನಡೆದರು, ಅರ್ಪಿನೆ ಹಿಂದೆ ಉಳಿದಳು. ಸ್ವಲ್ಪ ಹೊತ್ತಿಗೆ ಕೆಳಗೆ ಗ್ರಿಗೋರ್‌ನ ಮನೆಯ ಬಾಗಿಲು ಮುಚ್ಚಿದ್ದೂ, ಅವನ ಮಕ್ಕಳು ಮೆಟ್ಟಿಲಿಳಿದು ಓಡಿದ್ದೂ ಕೇಳಿಸಿತು. ಆಗ ಸಿರುಶ್ ಹೊಸ್ತಿಲು ದಾಟಿ, ಗೋಡೆಗೆ ಒತ್ತಿಕೊಂಡೇ ಬಂದು, ಮಂಡಿಯೂರಿ ರತ್ನಗಂಬಳಿಯ ಅಂಚನ್ನು ಮಡಚಿದಳು.

ಗೋಡೆಯುದ್ದಕ್ಕೂ ಅಂಗೈಯಗಲ ನೆಲದ ಹಾಸು ಕತ್ತರಿಸಿ ತೆಗೆದಿತ್ತು. ಬರಿ ಸಂದಿನ ಮೇಲೆ ಅಡ್ಡಡ್ಡಲಾಗಿ, ಸಂದು ಸರಿದರೆ ಒಡೆದು ತೋರಿಸಲೆಂದು ಮೆತ್ತಿದ ಬೆರಳುದ್ದದ ಪ್ಲಾಸ್ಟರ್ ಗಾರೆಯ ಪಟ್ಟಿಗಳು. ಪ್ರತಿಯೊಂದರ ಮೇಲೂ ಅಮ್ಮನ ಕೈಬರಹದಲ್ಲಿ ಒಂದು ತಾರೀಖು. ಎಪ್ಪತ್ತೈದು. ಎಪ್ಪತ್ತೊಂಬತ್ತು. ಭೂಕಂಪವಾದ ಎಂಬತ್ತೆಂಟರವು ಮೂರು, ಮೂರೂ ಒಡೆದಿದ್ದವು, ಪಕ್ಕದಲ್ಲಿ ಹೊಸವು. ಕೊನೆಯದರ ತಾರೀಖು ಒಂಬತ್ತು ದಿನ ಹಿಂದಿನದು, ಅಂಕಿಗಳು ನಡುಗಿದ್ದವು.

ಆ ಪಟ್ಟಿ ನಡುವೆ ಮುರಿದಿತ್ತು. ಗೋಡೆಯ ಕಡೆಯ ತುಂಡು ಇದ್ದಲ್ಲೇ ಇತ್ತು. ಕೋಣೆಯ ಕಡೆಯ ತುಂಡು ಅದಕ್ಕಿಂತ ಒಂದು ಉಗುರಿನಷ್ಟು ಕೆಳಗಿತ್ತು.