ಕಡ್ಡಿ ತೂರುವ ತೂತು

ತಣ್ಣಗಿದೆಯಂತೆ ಸ್ಕ್ಯಾನಿನ ಆ ಅಂಟು, ಮಗುವಿನ ಎದೆಗೆ ಹಚ್ಚಿದರು, ನಡುಗಿದ್ದು ನಾನು — ಐದು ವರ್ಷದ ಮಗಳು ಸ್ವಾತಿ ಕಚಗುಳಿ ಅಂತ ನಗುತ್ತಾಳೆ, ಕೊಯ್ಯೋದಿಲ್ಲ, ಚುಚ್ಚೋದಿಲ್ಲ, ಬರೀ ಶಬ್ದ ಕಳಿಸಿ ಒಳಗಿನ ಹೃದಯ ನೋಡ್ತೀವಿ ಅಂದರು ಡಾಕ್ಟರಮ್ಮ, ಪರದೆಯ ಮೇಲೆ ಬೂದು ಬಣ್ಣದ್ದೊಂದು ಬಡಿದುಕೊಳ್ಳುತ್ತಿದೆ, ಹಳೇಬೀಡಿನ ಗೈಡ್ ಶಶಿಧರ ನಾನು, ನೂರಾ ಎಂಟು ದೇಶದವರ ಬಾಯಿ ತೆರೆಸಿದವನು, ಜಪಾನಿನವನೊಬ್ಬ ನನ್ನ ಮಾತು ಕೇಳಿ ಮೂರು ದಿನ ಊಟ ಮರೆತಿದ್ದ, ಸರಿ, ಒಂದು ಹೊತ್ತು ಮರೆತಿದ್ದ — ಈ ಬೂದು ಮಾತ್ರ ನನಗೇನೂ ಹೇಳುತ್ತಿಲ್ಲ, ಡಾಕ್ಟರಮ್ಮ ಯಾಕೆ ಸುಮ್ಮನಾದರು, ತೋರಿಸುವವನು ಸುಮ್ಮನಾದರೆ ನೋಡುವವರು ಹೆದರುತ್ತಾರೆ, ಅಗೋ ಕೆಂಪು, ಹೃದಯದ ನಡುಗೋಡೆಯ ಈಚೆಯಿಂದ ಆಚೆಗೆ ಚಿಮ್ಮಿತು, ಇಲ್ಲೊಂದು ತೂತಿದೆ ನೋಡಿ, ಐದು ಮಿಲಿಮೀಟರ್ ಅಂದರು, ಐದೇನಾ ಮೇಡಂ, ನಾಲ್ಕಿರಬಹುದಲ್ವಾ — ಮೂವತ್ತು ಅಡಿಯನ್ನು ಮುನ್ನೂರು ಮಾಡುವ ನಾನು ಒಂದು ಮಿಲಿಮೀಟರಿಗೆ ಚೌಕಾಸಿಗಿಳಿದಿದ್ದೇನೆ. ನನ್ನ ಹೊಟ್ಟೆಪಾಡೇ ತೂತು, ಗುಡಿಯ ದ್ವಾರಪಾಲಕನ ಕಲ್ಲಿನ ಒಡವೆಯ ತೂತಿನೊಳಗೆ ತೆಂಗಿನ ಗರಿಯ ಕಡ್ಡಿ ತೂರಿಸುತ್ತೇನೆ, ಈಚೆ ಹೋಗಿ ಆಚೆ ಬರುತ್ತದೆ, ಜನ ಚಪ್ಪಾಳೆ ಹೊಡೆಯುತ್ತಾರೆ, ಐದು ಮಿಲಿಮೀಟರ್ ಅಂದರೆ ಎರಡು ಕಡ್ಡಿ ಒಟ್ಟಿಗೇ — ಬೇಡ. ಇವತ್ತೊಂದಿನ ಬಡಾಯಿ ಬೇಡ ಕಣ್ರೀ, ಬೆಳಿಗ್ಗೆ ಬಸ್ಸು ಜಾವಗಲ್ ದಾಟುವಾಗ ಹೆಂಡತಿ ಹೇಮಲತಾ ಅಂದಿದ್ದಳು, ಹೋದ ವರ್ಷ ನಿಮ್ಮ ಬಾಯಿಂದ್ಲೇ ಮಗು ಹಂಗೇ ವಾಪಸ್ ಬಂತು — ಹೋದ ವರ್ಷ, ಇದೇ ಅರಸೀಕೆರೆ, ಮಕ್ಕಳ ಹೃದಯ ತಪಾಸಣೆಯ ಇದೇ ಶಿಬಿರ, ಎದೆಯಲ್ಲಿ ಏನೋ ಸದ್ದಿದೆ, ಆಡುವಾಗ ಸುಸ್ತಾಗ್ತಾಳಾ ಎಂದು ಆಗಿನ ಡಾಕ್ಟರು ಕೇಳಿದ್ದಕ್ಕೆ, ಸುಸ್ತಾ ಸಾರ್, ಗುಡಿ ಸುತ್ತ ಹತ್ತು ಸುತ್ತು ಓಡ್ತಾಳೆ, ನಾಯಿಗಳೇ ಕೈಮುಗಿದು ಕೂತ್ಕೋತವೆ ಎಂದೆ, ಸಾಲಿನಲ್ಲಿದ್ದವರೆಲ್ಲ ನಕ್ಕರು, ನನಗೆ ಅಷ್ಟು ಸಾಕಿತ್ತು, ಹಾಗಾದ್ರೆ ಅವಸರ ಇಲ್ಲ, ಸ್ಕ್ಯಾನಿಗೆ ಆಮೇಲೆ ಬನ್ನಿ ಅಂದರು, ಆಮೇಲೆ ಅನ್ನುವುದು ಒಂದು ವರ್ಷವಾಯಿತು. ಕೆಂಪು ಮತ್ತೆ ತೂರಿತು. ತೂತು ಎಷ್ಟು ದೊಡ್ಡದು ಅಂತ ಯಂತ್ರ ಹೇಳುತ್ತೆ, ಉಳಿದದ್ದು ನೀವೇ ಹೇಳಬೇಕು, ಡಾಕ್ಟರಮ್ಮ ನನ್ನತ್ತ ತಿರುಗಿದ್ದಾರೆ, ತಾನಾಗೇ ಮುಚ್ಕೊಳ್ಳುತ್ತಾ ಅಂತ ಕಾಯೋದೋ, ಆಪರೇಷನ್ನಿಗೆ ಕಳಿಸೋದೋ, ಓಡಾಡುವಾಗ ಮಗು ಹೇಗಿರುತ್ತೆ — ಹತ್ತು ಸುತ್ತು ನಾಲಿಗೆಯ ತುದಿಗೆ ಬಂದು ನಿಂತಿದೆ, ಹತ್ತು ಅಂದರೆ ಕಾಯುತ್ತಾರೆ, ಹತ್ತು ಅಂದರೆ ಇವಳ ಎದೆಗೆ ಕತ್ತರಿ ಬೀಳುವುದಿಲ್ಲ, ಹೇಮಲತಾ ಮಗುವಿನ ಕಾಲು ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದಾಳೆ — ಗುಡಿಯ ಮೂರನೇ ಮೆಟ್ಟಿಲಿಗೇ ಬೆವತು ಕೂತ್ಬಿಡ್ತಾಳೆ ಮೇಡಂ, ಏದುಸಿರು ಬರುತ್ತೆ, ಆಮೇಲೆ ನಾನೇ ಎತ್ಕೋತೀನಿ. ಮೂರು. ಇಷ್ಟು ಸಣ್ಣ ಲೆಕ್ಕ ನನ್ನ ಬಾಯಿಂದ ಎಂದೂ ಬಂದಿಲ್ಲ, ಯಾರೂ ನಗಲಿಲ್ಲ, ಡಾಕ್ಟರಮ್ಮ ಬರೆಯುತ್ತಿದ್ದಾರೆ, ಉದ್ದಕ್ಕೆ ಬರೆಯುತ್ತಿದ್ದಾರೆ, ಅಪ್ಪಾ ಆಯ್ತಾ ಅನ್ನುತ್ತಾಳೆ ಸ್ವಾತಿ, ಪರದೆಯಲ್ಲಿ ಪ್ರತಿ ಬಡಿತಕ್ಕೂ ಕೆಂಪು, ಕಡ್ಡಿ ಈಚೆ ಹೋಗಿ ಆಚೆ ಬರುತ್ತದೆ, ಈಚೆ ಹೋಗಿ ಆಚೆ, ಈಚೆ ಹೋಗಿ